ಆಫೀಸ್ ಮೇಲ್‌ನಲ್ಲಿ ಬರುವ ಬದಲಾವಣೆ: ಎಲ್ಲ ನೋಟೀಸನ್ನೂ ಓದಲೇಬೇಕಾ?

ಅಂಚೆಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಇನ್ನೂರು ಜನರ ಆಫೀಸಿನಲ್ಲಿ ಮೇಲ್ ನೋಡಿಕೊಳ್ಳುವವನು ನಾನೊಬ್ಬನೇ. ಲ್ಯಾಪ್‌ಟಾಪ್, ವೈಫೈ, ಪ್ರಿಂಟರ್ ಎಲ್ಲವೂ ನನ್ನ ತಲೆ ಮೇಲೇ ಇವೆ. ನಾವು ಬಳಸುವುದು ಮೈಕ್ರೋಸಾಫ್ಟ್ 365. ಮುಂದೆ ಏನೇನು ಬದಲಾಗುತ್ತದೆ ಎಂದು ಮೊದಲೇ ತಿಳಿಸಲು ಅದರ ಅಡ್ಮಿನ್ ಪುಟದಲ್ಲಿ ಮೆಸೇಜ್ ಸೆಂಟರ್ ಅಂತ ಒಂದು ಜಾಗ ಇದೆ. ಅಲ್ಲಿ ನೋಟೀಸುಗಳು ಬರುತ್ತಲೇ ಇರುತ್ತವೆ. ಟೀಮ್ಸ್‌ದು, ಶೇರ್‌ಪಾಯಿಂಟ್‌ದು, ಕೋಪೈಲಟ್‌ದು, ನಡುವೆ ಎಲ್ಲೋ ಒಂದು ಮೇಲ್‌ದು. ಬೆಳಿಗ್ಗೆ ನಾಲ್ಕು ಓದಿ ಮುಗಿಸಿದರೆ ಸಂಜೆಗೆ ಇನ್ನೆರಡು.

ಹಿಂದೆ ಬೇರೆ ಆಫೀಸಿನಲ್ಲಿದ್ದಾಗ ಒಂದು ಪೆಟ್ಟು ತಿಂದಿದ್ದೇನೆ. ಸ್ಟೋರ್ಸ್‌ನಲ್ಲಿ ಒಂದು ಹಳೆಯ ಸ್ಕ್ಯಾನರ್ ಇತ್ತು. ಬಿಲ್ ಇಟ್ಟು ಹಸಿರು ಬಟನ್ ಒತ್ತಿದರೆ ಪಿಡಿಎಫ್ ನೇರ ಅಕೌಂಟ್ಸ್‌ನವರ ಮೇಲ್‌ಗೆ ಹೋಗುತ್ತಿತ್ತು. ಒಂದು ದಿನ ಅದು ಹೋಗುವುದು ನಿಂತಿತು. ಸ್ಕ್ಯಾನರ್ ಮಾಮೂಲಿನಂತೆ ಬೀಪ್ ಮಾಡುತ್ತಿತ್ತು, ಕಾಗದ ಎಳೆದುಕೊಳ್ಳುತ್ತಿತ್ತು. ಮೇಲ್ ಮಾತ್ರ ಹೋಗುತ್ತಿರಲಿಲ್ಲ. ಮೂರು ದಿನದ ಬಿಲ್‌ಗಳು ಸಿಕ್ಕಿಬಿದ್ದ ಮೇಲೆ ನನಗೆ ಗೊತ್ತಾಯಿತು. ಆಗ ಬಳಸುತ್ತಿದ್ದ ಮೇಲ್ ಸೇವೆ ಮೇಲ್ ಅನ್ನು ದಾರಿಯಲ್ಲಿ ಯಾರೂ ಓದದಂತೆ ಕಾಪಾಡುವ ಟಿಎಲ್‌ಎಸ್‌ನ ಹಳೆಯ ಆವೃತ್ತಿಯನ್ನು ಒಪ್ಪುವುದು ನಿಲ್ಲಿಸಿತ್ತು. ಸ್ಕ್ಯಾನರ್‌ಗೆ ಅದೊಂದೇ ಗೊತ್ತಿತ್ತು.

ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ? ಬರುವುದನ್ನೆಲ್ಲ ಕೂತು ಓದುತ್ತೀರಾ?

ಸೋಮವಾರದ ಅಡ್ಮಿನ್:
ಓದುತ್ತೇನೆ ಸರ್. ಆದರೆ ದಿನಾ ಓದುವುದಿಲ್ಲ. ಸೋಮವಾರ ಬೆಳಿಗ್ಗೆ ಅರ್ಧ ಗಂಟೆ, ಬಾಗಿಲು ಹಾಕಿಕೊಂಡು. ಹದಿನೈದು ವರ್ಷದಿಂದ ಮೇಲ್ ನೋಡಿಕೊಳ್ಳುತ್ತಿದ್ದೇನೆ, ಆ ಅರ್ಧ ಗಂಟೆ ಬಿಟ್ಟ ವಾರವೇ ಏನಾದರೂ ಆಗಿದೆ ಅನ್ನಿಸುತ್ತದೆ.

ಮೊದಲು ಮೆಸೇಜ್ ಸೆಂಟರ್‌ನ ಪ್ರಿಫರೆನ್ಸ್‌ಗೆ ಹೋಗಿ ನಿಮಗೆ ಬೇಡದ ಸೇವೆಗಳ ಟಿಕ್ ತೆಗೆಯಿರಿ. ವಾರಕ್ಕೊಮ್ಮೆ ಸಾರಾಂಶವಾಗಿ ಬರುವ ಡೈಜೆಸ್ಟ್ ಮೇಲ್ ಆನ್ ಮಾಡಿ. ಆಮೇಲೆ 'ಮೇಜರ್ ಅಪ್‌ಡೇಟ್' ಗುರುತು ಇರುವುದನ್ನು ಮೊದಲು ನೋಡಿ, 'ಆಕ್ಟ್ ಬೈ' ಅಂತ ಗಡುವಿನ ದಿನಾಂಕ ಹಾಕಿರುವುದನ್ನು ಎರಡನೆಯದಾಗಿ ನೋಡಿ. ಅಡ್ಮಿನ್ ಏನಾದರೂ ಮಾಡಲೇಬೇಕಾದ ದೊಡ್ಡ ಬದಲಾವಣೆಗೆ ಕನಿಷ್ಠ 30 ದಿನ ಮೊದಲೇ ತಿಳಿಸುತ್ತಾರೆ. ನೋಟೀಸುಗಳನ್ನು ಕೆಲಸ ಹಂಚುವ ಪ್ಲಾನರ್ ಆ್ಯಪ್‌ಗೆ ಸಿಂಕ್ ಮಾಡುವ ಸೌಲಭ್ಯವೂ ಇದೆ, ಆಗ ಪ್ರತಿಯೊಂದಕ್ಕೂ ಒಬ್ಬರ ಹೆಸರು ಹಾಕಬಹುದು. ಇಷ್ಟು ಮಾಡಿದರೆ ಮೇಲ್‌ಗೆ ಸಂಬಂಧಪಟ್ಟದ್ದು ವಾರಕ್ಕೆ ಬೆರಳೆಣಿಕೆಯಷ್ಟು ಉಳಿಯುತ್ತದೆ.

ನಿಧಾನಿ:
ಮೇಡಂ, ನಿಮ್ಮ ಶಿಸ್ತಿಗೆ ನಮಸ್ಕಾರ. ಆದರೂ ನಾನು ಒಪ್ಪುವುದಿಲ್ಲ. ನೋಟೀಸ್ ಬಂದ ದಿನವೇ ಓಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ದಿನಾಂಕಗಳು ನಿಲ್ಲುವುದಿಲ್ಲ.

ಬೇಸಿಕ್ ಅಥೆಂಟಿಕೇಷನ್ ಕತೆಯನ್ನೇ ನೋಡಿ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಮೇಲ್‌ಗೆ ಸೇರಿಕೊಳ್ಳುವ ಹಳೆಯ ಪದ್ಧತಿ ಅದು. ಮೈಕ್ರೋಸಾಫ್ಟ್ 365ರ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅದನ್ನು ನಿಲ್ಲಿಸುತ್ತೇವೆ ಎಂದು 2019ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಗಡುವು 2020ರ ಅಕ್ಟೋಬರ್. ಕೋವಿಡ್ ಬಂತು, 2021ರ ಎರಡನೇ ಅರ್ಧಕ್ಕೆ ಹೋಯಿತು. ಅದೂ ಆಗಲಿಲ್ಲ. ಕೊನೆಗೆ 2022ರ ಅಕ್ಟೋಬರ್ 1ರಿಂದ ಶುರು ಮಾಡಿದರು. ಕೇಳಿಕೊಂಡವರಿಗೆ ವರ್ಷದ ಕೊನೆವರೆಗೂ ಬಿಟ್ಟು, 2023ರ ಜನವರಿಯಲ್ಲಿ, ಸಾಧನಗಳು ಮೇಲ್ ಕಳಿಸುವ ಎಸ್‌ಎಂಟಿಪಿ ದಾರಿಯೊಂದನ್ನು ಬಿಟ್ಟು, ಉಳಿದದ್ದನ್ನು ಪೂರ್ತಿ ಮುಚ್ಚಿದರು. ಗೂಗಲ್ ಕೂಡ ಇದನ್ನೇ ಮಾಡಿತು. 2020ರ ಜೂನ್ ಅಂದಿದ್ದು, ಆಫೀಸುಗಳಿಗೆ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಮುಗಿದಿದ್ದು 2025ರ ಮೇನಲ್ಲಿ. ಎಸ್‌ಎಂಟಿಪಿಗೆ ಬೇಸಿಕ್ ಅಥ್ ತೆಗೆಯುವುದನ್ನು 2025ರ ಸೆಪ್ಟೆಂಬರ್ ಅಂದರು, ಆಮೇಲೆ 2026ರ ಮಾರ್ಚ್ ಅಂದರು, ಅದೂ ಮುಂದಕ್ಕೆ ಹೋಯಿತು.

ಮೊದಲ ದಿನವೇ ಇಡೀ ಆಫೀಸನ್ನು ಎಬ್ಬಿಸಿ ಕೂರಿಸಿದರೆ ಮೂರನೇ ಸಲಕ್ಕೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಇದು ನಾನು ನನ್ನ ಆಫೀಸಿನಲ್ಲೇ ಕಂಡದ್ದು. ಗಡುವಿಗೆ ಎರಡು ತಿಂಗಳು ಇರುವಾಗ ಕೈ ಹಾಕಿದರೆ ಸಾಕು.

ಸೋಮವಾರದ ಅಡ್ಮಿನ್:
ದಿನಾಂಕ ಮುಂದಕ್ಕೆ ಹೋಗುತ್ತದೆ, ನಿಜ. ಆದರೆ ನೀವು ಹೇಳಿದ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಅದರಲ್ಲಿ ಯಾವುದನ್ನಾದರೂ ಕೈಬಿಟ್ಟರಾ? ಎಸ್‌ಎಂಟಿಪಿ ಬಿಟ್ಟರೆ ಬೇಸಿಕ್ ಅಥ್ ಹೋಗಿಯೇ ಹೋಯಿತು. ಮೂರು ವರ್ಷ ಸಿಕ್ಕಿದ್ದರೂ 2022ರ ಅಕ್ಟೋಬರ್‌ನಲ್ಲಿ ಪರದಾಡಿದವರು ಎಷ್ಟು ಜನ! ಅವರಲ್ಲಿ ಹೆಚ್ಚಿನವರು 'ಇನ್ನೂ ಮುಂದೆ ಹೋಗುತ್ತದೆ ಬಿಡಿ' ಅಂತ ಕೂತಿದ್ದವರು.

ಎರಡು ತಿಂಗಳಲ್ಲಿ ಎಲ್ಲವೂ ಆಗುವುದೂ ಇಲ್ಲ. ಇಡಬ್ಲ್ಯೂಎಸ್ ತೆಗೆದುಕೊಳ್ಳಿ. ಹೊರಗಿನ ಸಾಫ್ಟ್‌ವೇರ್ ನಮ್ಮ ಮೇಲ್‌ಬಾಕ್ಸ್, ಕ್ಯಾಲೆಂಡರ್ ಒಳಗೆ ಹೋಗಿ ಬರಲು ಇರುವ ಹಳೆಯ ದಾರಿ ಅದು. ಎಕ್ಸ್‌ಚೇಂಜ್ 2007ರ ಕಾಲದಿಂದ ಇದೆ. ಇದಕ್ಕೆ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದು 2018ರಲ್ಲೇ ಹೇಳಿದ್ದರು. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ 2026ರ ಅಕ್ಟೋಬರ್‌ನಿಂದ ಮುಚ್ಚಲು ಶುರು ಮಾಡುತ್ತೇವೆ ಎಂದು 2023ರಲ್ಲಿ ತಿಳಿಸಿದರು. ನಮ್ಮಲ್ಲಿ ಮೀಟಿಂಗ್ ರೂಮಿನ ಬಾಗಿಲ ಪಕ್ಕದ ಪರದೆ ಈ ದಾರಿಯಲ್ಲೇ ಬುಕಿಂಗ್ ಓದುತ್ತಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಕೂಡ. ಅವೆರಡನ್ನೂ ಗ್ರಾಫ್ ಎಪಿಐ ಎಂಬ ಹೊಸ ದಾರಿಗೆ ಬದಲಿಸುವುದು ನನ್ನ ಕೈಯಲ್ಲಿಲ್ಲ, ಮಾರಿದವರು ಮಾಡಬೇಕು. ಅವರಿಂದ 'ಹೊಸ ಆವೃತ್ತಿ ಬರುತ್ತದೆ' ಅನ್ನುವ ಉತ್ತರ ಬರುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ನಿಧಾನಿ:
ಹೊರಗಿನವರ ಸಾಫ್ಟ್‌ವೇರ್ ವಿಷಯದಲ್ಲಿ ನಿಮ್ಮ ಮಾತು ಸರಿ. ಅಲ್ಲಿ ಬೇಗ ಕೇಳಲೇಬೇಕು. ಉಳಿದದ್ದಕ್ಕೆ ನಾನು ಹೇಳಿದ್ದನ್ನೇ ಹೇಳುತ್ತೇನೆ.

ಲೆಕ್ಕದ ಮೇಜು:
ನಾನು ಐಟಿಯವಳಲ್ಲ. ಅಕೌಂಟ್ಸ್‌ನಲ್ಲಿದ್ದೇನೆ. ನೀವೆಲ್ಲ ಮಾತಾಡುತ್ತಿರುವ ಬದಲಾವಣೆ ಕೊನೆಗೆ ಬಂದು ಬೀಳುವುದು ನಮ್ಮ ಮೇಜಿನ ಮೇಲೆ, ಅದಕ್ಕೆ ಬರೆಯುತ್ತಿದ್ದೇನೆ.

ಹಿಂದಿನ ಕೆಲಸದಲ್ಲಿ ಒಂದು ಬೆಳಿಗ್ಗೆ ಔಟ್‌ಲುಕ್ ತೆರೆದೆ. ಕಿಟಕಿಯೇ ಬೇರೆ ಥರ ಇತ್ತು. ಅದು ಪರವಾಗಿಲ್ಲ, ಕಣ್ಣಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ಆದರೆ ಮೇಲೆ ಬಲಗಡೆ ಒಂದು ಬಟನ್ ಇರುತ್ತಿತ್ತು. ಸಪ್ಲೈಯರ್ ಕಳಿಸಿದ ಇನ್‌ವಾಯ್ಸ್ ಮೇಲ್ ತೆರೆದು ಅದನ್ನು ಒತ್ತಿದರೆ, ಮೇಲ್ ಸಮೇತ ನಮ್ಮ ಲೆಕ್ಕದ ಸಾಫ್ಟ್‌ವೇರ್‌ಗೆ ಸೇರುತ್ತಿತ್ತು. ಆ ಬಟನ್ ಇರಲಿಲ್ಲ. ಅವತ್ತು ತಿಂಗಳ ಕೊನೆ. ನಾನೂ ನನ್ನ ಪಕ್ಕದವರೂ ರಾತ್ರಿ ಒಂಬತ್ತರವರೆಗೆ ಒಂದೊಂದೇ ಇನ್‌ವಾಯ್ಸ್ ಡೌನ್‌ಲೋಡ್ ಮಾಡಿ, ಹೆಸರು ಬದಲಿಸಿ, ಅಪ್‌ಲೋಡ್ ಮಾಡಿದೆವು. ಮಾರನೆಯ ದಿನ ಐಟಿಯವರನ್ನು ಕೇಳಿದರೆ 'ಹೋದ ತಿಂಗಳೇ ಮೇಲ್ ಕಳಿಸಿದ್ದೆವಲ್ಲ' ಅಂದರು. ಹುಡುಕಿ ನೋಡಿದೆ. ಕಳಿಸಿದ್ದರು. ಎರಡು ಪುಟದ ಮೇಲ್. ಅದರಲ್ಲಿ ನನ್ನ ಬಟನ್ ವಿಷಯ ಒಂದು ಸಾಲೂ ಇರಲಿಲ್ಲ.

ನಮಗೆ ಬೇಕಿರುವುದು ಒಂದೇ ಸಾಲು. 'ಬುಧವಾರದಿಂದ ಈ ಬಟನ್ ಇರುವುದಿಲ್ಲ, ಬದಲಿಗೆ ಹೀಗೆ ಮಾಡಿ.' ಅಷ್ಟು ಹೇಳುವುದು ಕಷ್ಟವಾ?

ಸೋಮವಾರದ ಅಡ್ಮಿನ್:
ಕಷ್ಟವಲ್ಲ ಮೇಡಂ, ಹೇಳಲೇಬೇಕಿತ್ತು. ನಿಮ್ಮ ಬಟನ್ ಬಹುಶಃ ಔಟ್‌ಲುಕ್‌ಗೆ ಜೋಡಿಸುವ ಹಳೆಯ ಥರದ ಸಾಫ್ಟ್‌ವೇರ್, ಅಂದರೆ ಕಾಮ್ ಆಡ್‌-ಇನ್. ವಿಂಡೋಸ್‌ನ ಹೊಸ ಔಟ್‌ಲುಕ್‌ನಲ್ಲಿ ಅಂಥವು ಓಡುವುದಿಲ್ಲ, ವೆಬ್ ಆಡ್‌-ಇನ್ ಮಾತ್ರ ಓಡುತ್ತವೆ. ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇದೆ ಎಂದು ಹೇಳಿದ್ದಾರೆ. ಹೊಸದಕ್ಕೆ ಹೋಗುವ ಸ್ವಿಚ್ ಯಾರಿಗೆ ಕಾಣಬೇಕು ಅನ್ನುವುದನ್ನೂ ಅಡ್ಮಿನ್ ತೀರ್ಮಾನಿಸಬಹುದು. ಅಕೌಂಟ್ಸ್‌ನವರನ್ನು ಸದ್ಯಕ್ಕೆ ಹಳೆಯದರಲ್ಲೇ ಬಿಟ್ಟು, ಸಾಫ್ಟ್‌ವೇರ್‌ನವರಿಗೆ ವೆಬ್ ಆಡ್‌-ಇನ್ ಕೇಳಬಹುದಿತ್ತು.

ಇನ್ನೊಂದು ದಾರಿ ನಾನು ಬಳಸುತ್ತೇನೆ. ಟಾರ್ಗೆಟೆಡ್ ರಿಲೀಸ್ ಅಂತ ಇದೆ. ಆಯ್ದ ಕೆಲವರಿಗೆ ಕೆಲವು ಬದಲಾವಣೆಗಳು ಮೊದಲು ಬರುತ್ತವೆ. ಸಾಮಾನ್ಯವಾಗಿ ಅದಕ್ಕೆ ಐಟಿಯವರನ್ನೇ ಹಾಕುತ್ತಾರೆ. ಐಟಿಯವರು ಇನ್‌ವಾಯ್ಸ್ ಬಟನ್ ಒತ್ತುವುದೇ ಇಲ್ಲವಲ್ಲ! ನಾನು ಪ್ರತಿ ವಿಭಾಗದಿಂದ ಒಬ್ಬರನ್ನು ಕೇಳಿ ಸೇರಿಸಿದ್ದೇನೆ. ಅವರು ಹೇಳುವ ದೂರು ನೋಟೀಸಿಗಿಂತ ಜಾಸ್ತಿ ತಿಳಿಸುತ್ತದೆ.

ಲೆಕ್ಕದ ಮೇಜು:
ಇದು ಒಳ್ಳೆಯದು. ಕೇಳಿದ್ದರೆ ನಾನೇ ಬರುತ್ತಿದ್ದೆ. ತಿಂಗಳ ಕೊನೆಯ ವಾರ ಮಾತ್ರ ಬಿಟ್ಟುಬಿಡಿ.

ಜಿ ಬದಿಯವ:
ಗೂಗಲ್ ವರ್ಕ್‌ಸ್ಪೇಸ್ ಕಡೆಯಿಂದ ಒಂದು ಮಾತು. ನಮ್ಮಲ್ಲೂ ರ‍್ಯಾಪಿಡ್, ಶೆಡ್ಯೂಲ್ಡ್ ಅಂತ ಎರಡು ಹಳಿ ಇವೆ, ಬದಲಾವಣೆ ಮೊದಲನೆಯದಕ್ಕೆ ಬೇಗ, ಎರಡನೆಯದಕ್ಕೆ ತಡವಾಗಿ ಬರುತ್ತದೆ. ವರ್ಕ್‌ಸ್ಪೇಸ್ ಅಪ್‌ಡೇಟ್ಸ್ ಬ್ಲಾಗ್ ಎಲ್ಲರಿಗೂ ತೆರೆದಿದೆ, ಯಾವ ಹಳಿಗೆ ಯಾವಾಗ ಬರುತ್ತದೆ ಎಂದು ಅದರಲ್ಲೇ ಬರೆದಿರುತ್ತಾರೆ.

ನಾನು ಹೇಳಲು ಬಂದದ್ದು ಬೇರೆ. ನೀವೆಲ್ಲ ನಿಮ್ಮ ಮೇಲ್ ಸೇವೆಯವರ ನೋಟೀಸ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೇಲ್‌ಗೆ ಇನ್ನೊಂದು ತುದಿ ಇದೆ, ಅಲ್ವಾ? 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಳಿಸುವವರ ಮೇಲೆ ಹೊಸ ನಿಯಮ ತಂದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಮೇಲ್ ನಿಜಕ್ಕೂ ಆ ಹೆಸರಿನವರದೇ ಎಂದು ಪರೀಕ್ಷಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ಪ್ರಚಾರದ ಮೇಲ್‌ನಿಂದ ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಬೇಕು. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. 2025ರ ಮೇ ತಿಂಗಳಿಂದ ಔಟ್‌ಲುಕ್ ಡಾಟ್ ಕಾಮ್ ಕೂಡ ದೊಡ್ಡ ಸಂಖ್ಯೆಯಲ್ಲಿ ಕಳಿಸುವವರಿಗೆ ಇಂಥದೇ ನಿಯಮ ತಂದಿತು. ಇದು ತಲುಪುವ ತುದಿಯವರ ನಿಯಮ. ನಿಮ್ಮ ಅಡ್ಮಿನ್ ಪುಟವೊಂದನ್ನೇ ಕಾಯುತ್ತಿದ್ದರೆ ಇದು ಕಣ್ಣಿಗೆ ಬೀಳದೆ ಹೋಗಬಹುದು.

ನಮ್ಮಲ್ಲಿ ಮಾರ್ಕೆಟಿಂಗ್‌ನವರು ಯಾವುದೋ ಸೇವೆಯಿಂದ ನಮ್ಮ ಡೊಮೇನ್ ಹೆಸರಿನಲ್ಲೇ ಸುದ್ದಿಪತ್ರ ಕಳಿಸುತ್ತಿದ್ದರು. ಐಟಿಗೆ ಗೊತ್ತೇ ಇರಲಿಲ್ಲ. ನಮ್ಮ ಹೆಸರಿನಲ್ಲಿ ಎಲ್ಲಿಂದ ಮೇಲ್ ಹೋಗುತ್ತಿದೆ ಎಂದು ತಿಳಿಸುವ ಡಿಮಾರ್ಕ್ ವರದಿ ಬರುವಂತೆ ಮಾಡಿದ ಮೇಲೆ ಅದು ಕಾಣಿಸಿತು.

ಅಂಚೆಪೆಟ್ಟಿಗೆ:
ಎಲ್ಲರ ಮಾತೂ ಓದಿದೆ. ಒಂದು ವಿಷಯ ಮೊದಲೇ ಹೇಳಬೇಕಿತ್ತು, ಈಗ ಹೇಳುತ್ತೇನೆ. ಆ ಸ್ಕ್ಯಾನರ್ ನಿಂತದ್ದರ ನೋಟೀಸ್ ನಾನು ಓದಿದ್ದೆ. ಐದು ತಿಂಗಳು ಮುಂಚೆಯೇ. 'ಹಳೆಯ ಟಿಎಲ್‌ಎಸ್ ಬಳಸುವ ಸಾಧನಗಳು ಕೆಲಸ ಮಾಡುವುದಿಲ್ಲ' ಅಂತ ಸ್ಪಷ್ಟವಾಗಿ ಇತ್ತು. ನಮ್ಮಲ್ಲಿ ಅಂಥ ಹಳೆಯದು ಯಾವುದೂ ಇಲ್ಲ ಅಂದುಕೊಂಡು ಮುಂದೆ ಹೋದೆ. ಸ್ಟೋರ್ಸ್‌ನ ಮೂಲೆಯಲ್ಲಿದ್ದ ಸ್ಕ್ಯಾನರ್ ನೆನಪಿಗೇ ಬರಲಿಲ್ಲ.

ಹಾಗಾಗಿ ಇನ್ನೂ ಜಾಸ್ತಿ ಓದಿದರೆ ನನ್ನ ಸಮಸ್ಯೆ ಹೋಗುತ್ತದೆ ಅನ್ನಿಸುವುದಿಲ್ಲ. ನಮ್ಮ ಮೇಲ್ ಮೇಲೆ ಏನೇನು ನೇತುಹಾಕಿಕೊಂಡಿದೆ ಅನ್ನುವುದೇ ನನಗೆ ಗೊತ್ತಿಲ್ಲ. ಅದು ಗೊತ್ತಿದ್ದರೆ ಒಂದು ನೋಟೀಸ್ ಓದಲು ಒಂದು ನಿಮಿಷ ಸಾಕು.

ಸೋಮವಾರದ ಅಡ್ಮಿನ್:
ನನ್ನ ಸೋಮವಾರದ ಅರ್ಧ ಗಂಟೆ ಕೆಲಸ ಮಾಡುತ್ತಿರುವುದು ಆ ಪಟ್ಟಿ ನನ್ನ ತಲೆಯಲ್ಲಿ ಇರುವುದರಿಂದ ಅಂತ ಈಗ ಹೊಳೆಯಿತು. ಹದಿನೈದು ವರ್ಷದಿಂದ ಇಲ್ಲೇ ಇದ್ದೇನೆ. ನಾಳೆ ನಾನು ಬಿಟ್ಟುಹೋದರೆ ನನ್ನ ಜಾಗಕ್ಕೆ ಬರುವವರು ಏನು ಮಾಡಬೇಕು? ಬರೆದಿಡಬೇಕು.

ನಿಮಗೆ ಶುರು ಮಾಡಲು: ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರ್‌ನ ಮೇಲ್ ಫ್ಲೋ ವರದಿಗಳಲ್ಲಿ ಎಸ್‌ಎಂಟಿಪಿ ಅಥ್ ಬಳಸುವವರ ವರದಿ ಇದೆ, ಯಾವ ಖಾತೆ ಎಷ್ಟು ಕಳಿಸುತ್ತಿದೆ, ಯಾವ ಟಿಎಲ್‌ಎಸ್ ಆವೃತ್ತಿ ಎಲ್ಲ ಸಿಗುತ್ತದೆ. ಇಡಬ್ಲ್ಯೂಎಸ್‌ಗೂ ಬಳಕೆಯ ವರದಿ ಇದೆ. ಖಾತೆಗಳ ಲಾಗಿನ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಎಂಟ್ರಾದ ಸೈನ್‌-ಇನ್ ಲಾಗ್‌ನಲ್ಲಿ ಕ್ಲೈಂಟ್ ಆ್ಯಪ್ ಎಂದು ಫಿಲ್ಟರ್ ಹಾಕಿ ನೋಡಿ.

ನಿಧಾನಿ:
ವರದಿಯಲ್ಲಿ ಸಿಗದವೂ ಇರುತ್ತವೆ. ಏನಾದರೂ ಕೆಟ್ಟಾಗ ಮಾತ್ರ ಮೇಲ್ ಕಳಿಸುವ ಸಾಧನಗಳು. ಯುಪಿಎಸ್, ಸಿಸಿಟಿವಿ ರೆಕಾರ್ಡರ್, ಸರ್ವರ್ ರೂಮಿನ ತಾಪಮಾನ ನೋಡುವ ಪೆಟ್ಟಿಗೆ. ವರ್ಷಕ್ಕೊಂದು ಮೇಲ್ ಕಳಿಸುತ್ತವೆ, ಆ ಒಂದು ಮೇಲ್ ಬರಲೇಬೇಕು. ಅವನ್ನು ಹುಡುಕಲು ಕಾಲ್ನಡಿಗೆಯೇ ಗತಿ. ನೋಟ್‌ಬುಕ್ ಹಿಡಿದು ಮಹಡಿ ಮಹಡಿ ಸುತ್ತಿ.

ಜೊತೆಗೆ ಪ್ರತಿ ಸಾಧನಕ್ಕೂ ಬೇರೆ ಬೇರೆ ಖಾತೆ ಕೊಡಿ. ಎಲ್ಲವೂ ಒಂದೇ 'ಸ್ಕ್ಯಾನರ್' ಖಾತೆಯಿಂದ ಕಳಿಸುತ್ತಿದ್ದರೆ ಲಾಗ್ ನೋಡಿ ಏನೂ ತಿಳಿಯುವುದಿಲ್ಲ. ನಾನು ನಿಧಾನ ಮಾಡಿ ಅಂದದ್ದು ಗಡುವಿನ ವಿಷಯದಲ್ಲಿ. ಈ ಪಟ್ಟಿಯಲ್ಲಿ ನಿಧಾನ ಬೇಡ.

ಈಗಷ್ಟೇ ಸೇರಿದವಳು:
ನಾನು ಐಟಿಗೆ ಸೇರಿ ಮೂರು ತಿಂಗಳು. ನನಗೆ ಅಡ್ಮಿನ್ ಹಕ್ಕು ಕೊಟ್ಟಿಲ್ಲ. ಇದನ್ನೆಲ್ಲ ನೋಡಲು ದಾರಿ ಇದೆಯಾ?

ಸೋಮವಾರದ ಅಡ್ಮಿನ್:
ಇದೆಯಮ್ಮಾ. ಮೆಸೇಜ್ ಸೆಂಟರ್ ರೀಡರ್ ಅಂತ ಒಂದು ರೋಲ್ ಇದೆ, ನೋಟೀಸ್ ಓದಬಹುದು, ಏನನ್ನೂ ಬದಲಿಸಲು ಆಗುವುದಿಲ್ಲ. ಅದನ್ನು ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಮುಂದೆ ಬರುವುದನ್ನು ಪಟ್ಟಿ ಮಾಡುವ ಮೈಕ್ರೋಸಾಫ್ಟ್ 365 ರೋಡ್‌ಮ್ಯಾಪ್ ಪುಟಕ್ಕೆ ಲಾಗಿನ್ ಕೂಡ ಬೇಡ. ಪ್ರತಿ ನೋಟೀಸಿಗೂ ಎಂಸಿ ಎಂದು ಶುರುವಾಗುವ ನಂಬರ್ ಇರುತ್ತದೆ, ಹಿರಿಯರಿಗೆ ಹೇಳುವಾಗ ಆ ನಂಬರ್ ಕೊಡಿ.

ಅಂಚೆಪೆಟ್ಟಿಗೆ:
ಇವತ್ತು ಮಧ್ಯಾಹ್ನ ಸುತ್ತಿ ಬಂದೆ. ಎರಡು ಗಂಟೆ ಹಿಡಿಯಿತು. ಹನ್ನೊಂದು ಸಿಕ್ಕವು. ನನಗೆ ಗೊತ್ತಿದ್ದದ್ದು ನಾಲ್ಕು. ಹಾಜರಾತಿ ಯಂತ್ರ ದಿನಾ ಸಂಜೆ ಎಚ್‌ಆರ್‌ಗೆ ವರದಿ ಕಳಿಸುತ್ತದಂತೆ, ಬಿಟ್ಟುಹೋದ ಒಬ್ಬರ ಖಾತೆಯಿಂದ! ಆ ಖಾತೆಯನ್ನು ಮುಂದಿನ ವಾರ ಅಳಿಸುವವನಿದ್ದೆ.

ಯುಪಿಎಸ್ ರೂಮಿನ ಪೆಟ್ಟಿಗೆ ಒಂದು ಉಳಿದಿದೆ. ಮೇಲ್ ಸೆಟ್ಟಿಂಗ್ ನೋಡಲು ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ರೀಸೆಟ್ ಮಾಡಿದರೆ ಉಳಿದ ಸೆಟ್ಟಿಂಗ್ ಹೋಗುತ್ತದಾ?

ನಿಧಾನಿ:
ಕೆಲವದರಲ್ಲಿ ಪಾಸ್‌ವರ್ಡ್ ಮಾತ್ರ ರೀಸೆಟ್ ಆಗುತ್ತದೆ, ಕೆಲವದರಲ್ಲಿ ಎಲ್ಲವೂ ಹೋಗುತ್ತದೆ. ಈಗ ಬಟನ್ ಮುಟ್ಟಬೇಡಿ. ಪೆಟ್ಟಿಗೆಯ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ನಂಬರ್ ಹಾಕಿ, ನೋಡಿ ಹೇಳುತ್ತೇನೆ.