ಟಿಸ್ಯಾಕ್ಸ್ ಕೇಳುತ್ತಿದ್ದಾರೆ, ಮಾಡಿಸಿದವರು ಅನುಭವ ಹೇಳಿ

ಪೀಣ್ಯದವನು: ನಮ್ಮದು 40 ಜನರ ಯೂನಿಟ್, ಕಾರಿನ ಸೆನ್ಸರ್ ಹೌಸಿಂಗ್ (ಹೊರಕವಚ) ಮಾಡುತ್ತೇವೆ. ಜರ್ಮನಿಯ ಗಿರಾಕಿ 9 ತಿಂಗಳಲ್ಲಿ ಟಿಸ್ಯಾಕ್ಸ್ (ಕಾರು ಉದ್ಯಮದ ಮಾಹಿತಿ ಭದ್ರತಾ ತಪಾಸಣೆ) ಲೇಬಲ್ ಬೇಕು ಎಂದಿದ್ದಾರೆ. ಕನ್ಸಲ್ಟೆಂಟ್ ಹಿಡಿಯಲಾ, ನಾವೇ ಮಾಡಲಾ?

ಹಳೇ ಕ್ಯೂಎ: ಕನ್ಸಲ್ಟೆಂಟ್ ಹೆಸರು ಎತ್ತಬೇಡಿ, ಹೊಟ್ಟೆ ಉರಿಯುತ್ತದೆ. 4 ಲಕ್ಷ 60 ಸಾವಿರ ಕೊಟ್ಟೆವು, ಮೇಲೆ ಜಿಎಸ್‌ಟಿ. ಅವನು ಬರೆದುಕೊಟ್ಟ 62 ಪುಟದ ಪಾಲಿಸಿಯಲ್ಲಿ 3 ಕಡೆ ಯಾವುದೋ ಔಷಧ ಕಂಪನಿಯ ಹೆಸರು ಹಾಗೇ ಉಳಿದಿತ್ತು. ಆಡಿಟರ್ ಅದರ ಮೇಲೆ ಬೆರಳಿಟ್ಟಾಗ ಎಂಡಿ ನನ್ನ ಮುಖ ನೋಡಿದರು. ನಮ್ಮದು ಎಎಲ್ 3 (ಅಸೆಸ್‌ಮೆಂಟ್ ಲೆವೆಲ್, ತಪಾಸಣೆಯ ಅತಿ ಕಠಿಣ ಮಟ್ಟ), ಶಾಪ್ ಫ್ಲೋರಿಗೇ ಬಂದರು. ಪ್ರೊಟೋಟೈಪ್ ಕೋಣೆಯ ಕಿಟಕಿಗೆ ಒಳಗಿನದು ಕಾಣದಂತೆ ಫಿಲ್ಮ್ ಇಲ್ಲ ಎಂದು ಒಂದು ಮೇಜರ್, ಅಂದರೆ ದೊಡ್ಡ ದೋಷ. ಫಿಲ್ಮ್‌ಗೆ 7,200 ರೂಪಾಯಿ, ಮರುಪರಿಶೀಲನೆಗೆ 1 ಲಕ್ಷ 35 ಸಾವಿರ! ಇಷ್ಟಾಗಿ ಲೇಬಲ್ 3 ವರ್ಷಕ್ಕೆ ಮಾತ್ರ.

ಸಿಎನ್‌ಸಿ ಗೌಡ: ನಾವೇ ಮಾಡಿದೆವು. 11 ತಿಂಗಳು, ಭಾನುವಾರವೂ ಬಿಡದೆ. ತಲೆನೋವು ತಂದದ್ದು ವಿಂಡೋಸ್ 7 ಇರುವ ಮೆಷಿನ್. ಉಚಿತ ಪ್ಯಾಚ್ (ಭದ್ರತಾ ಅಪ್‌ಡೇಟ್) 2020ರಲ್ಲೇ ನಿಂತಿದೆ, ಹೊಸ ಕಂಟ್ರೋಲರ್‌ಗೆ 9 ಲಕ್ಷ ಹೇಳಿದರು. ಆ ಮೆಷಿನ್ನನ್ನು ಬೇರೆ ವಿ-ಲ್ಯಾನ್‌ಗೆ (ಪ್ರತ್ಯೇಕಿಸಿದ ನೆಟ್‌ವರ್ಕ್‌ಗೆ) ತಳ್ಳಿ, ಯುಎಸ್‌ಬಿ ಪೋರ್ಟಿಗೆ ಎಪಾಕ್ಸಿ ಅಂಟು ತುಂಬಿದೆ. ಆಪರೇಟರ್ ಮರುದಿನವೇ ಸ್ಕ್ರೂಡ್ರೈವರ್‌ನಲ್ಲಿ ಕೆರೆದು ಪೆನ್‌ಡ್ರೈವ್ ಚುಚ್ಚಿದ್ದ. ಪ್ರೋಗ್ರಾಂ ಹಾಕೋಕೆ ಅವನಿಗೆ ಬೇರೆ ದಾರಿಯನ್ನೇ ನಾನು ಕೊಟ್ಟಿರಲಿಲ್ಲ ಅನ್ನಿ.

ಟಾರಾ ಬರೆದು ಸುಸ್ತು: ಇದೆಲ್ಲ ಆಫೀಸ್ ಬೀಗದ ಕಥೆ. ಕಾರಿನ ಸೆಕ್ಯುರಿಟಿ ಬೇರೆ. 2015ರಲ್ಲಿ ಸಂಶೋಧಕರು ಜೀಪ್ ಚೆರೋಕಿಯನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿದರು, 14 ಲಕ್ಷ ಗಾಡಿ ವಾಪಸ್ ಕರೆಯಬೇಕಾಯಿತು. ಯುಎನ್ ಆರ್155 (ವಾಹನಗಳ ಸೈಬರ್ ಭದ್ರತೆಯ ವಿಶ್ವಸಂಸ್ಥೆ ನಿಯಮ) ಇರುವುದು ಅಂಥದಕ್ಕೆ. ಒಂದು ಡೋರ್ ಮಾಡ್ಯೂಲಿಗೆ ನಾನು 214 ಸಾಲಿನ ಟಾರಾ (ಯಾವ ದಾಳಿ ಆಗಬಹುದು, ಅಪಾಯ ಎಷ್ಟು ಎಂಬ ವಿಶ್ಲೇಷಣೆ) ಬರೆದೆ, 6 ವಾರ. ಆಮೇಲೆ ಗಿರಾಕಿ ಚಿಪ್ ಬದಲಾಯಿಸಿದ, ಮತ್ತೆ ಒಂದನೇ ಸಾಲಿನಿಂದ ಶುರು. 2024ರ ಜುಲೈನಿಂದ ಯುರೋಪಿನಲ್ಲಿ ಎಲ್ಲ ಹೊಸ ಕಾರಿಗೂ ಆರ್155 ಕಡ್ಡಾಯ. ಅದಕ್ಕೆ ಹೊಂದಿಸುವ ಬದಲು ಪೋರ್ಷೆಯವರೇ ಅಲ್ಲಿ ಪೆಟ್ರೋಲ್ ಮಕಾನ್ ಕಾರು ಮಾರುವುದು ಬಿಟ್ಟರು.

ಸಿಎನ್‌ಸಿ ಗೌಡ: ಆಫೀಸ್ ಬೀಗಾನಾ? 2022ರಲ್ಲಿ ಕೊಜಿಮಾ ಎಂಬ ಬಿಡಿಭಾಗದ ಸಪ್ಲೈಯರ್ ಸಿಸ್ಟಂಗೆ ದಾಳಿಯಾಗಿ ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆ ಒಂದು ದಿನ ನಿಂತವು. ಯಾವ ಕಾರೂ ಹ್ಯಾಕ್ ಆಗಿರಲಿಲ್ಲ ಮೇಡಂ. 2025ರ ಸೆಪ್ಟೆಂಬರಿನಲ್ಲಿ ಸೈಬರ್ ದಾಳಿಯಿಂದ ಜೆಎಲ್‌ಆರ್ (ಜಾಗ್ವಾರ್ ಲ್ಯಾಂಡ್ ರೋವರ್) ನಿಂತಾಗಲೂ ಒದ್ದಾಡಿದ್ದು ನಮ್ಮಂಥ ಸಣ್ಣವರೇ.

ಟಾರಾ ಬರೆದು ಸುಸ್ತು: ಮೇಡಂ ಅಂತ ಯಾರು ಹೇಳಿದರು? ಎಪಾಕ್ಸಿ ಮೆತ್ತಿದವರಿಂದ ನನಗೆ ಪಾಠ ಬೇಡ ಸ್ವಾಮಿ.

ಹಳೇ ಕ್ಯೂಎ: ಗೌಡ್ರೇ, ಎಪಾಕ್ಸಿಗೆ ಆಡಿಟರ್ ಒಪ್ಪಿದರಾ? ನಮಗೆ ಬೀಗ ಇರುವ ಪ್ಲಗ್ಗೇ ಬೇಕು ಎಂದರು. ಒಂದಕ್ಕೆ 380, ಒಟ್ಟು 46 ಪೋರ್ಟು.

ಸಿಎನ್‌ಸಿ ಗೌಡ: 380 ಜಾಸ್ತಿಯಾಯಿತು. ಎಸ್‌ಪಿ ರೋಡಿನಲ್ಲಿ 90ಕ್ಕೆ ಸಿಗುತ್ತದೆ.

ಹಳೇ ಕ್ಯೂಎ: ಬಿಲ್ ಕೊಡ್ತಾರಾ ಅಲ್ಲಿ? ಆಡಿಟರ್ ಕೇಳಿದ್ದು ಬಿಲ್.

ಪೀಣ್ಯದವನು: ಅಲ್ಲಾ, ನಮ್ಮ ಹೌಸಿಂಗ್‌ಗೆ ಎಎಲ್ 2 ಸಾಕಾ, 3 ಬೇಕಾ? ಅಷ್ಟು ಯಾರಾದರೂ ಹೇಳ್ತೀರಾ?