ಬಿಎಂ25ನಲ್ಲಿ "ಉಪ್ಪು" ಪದಕ್ಕೆ ಮೈನಸ್ ಅಂಕ ಬರುತ್ತಿದೆ, ಇದಕ್ಕೆ ಥಿಯರಿಯಲ್ಲಿ ಉತ್ತರ ಇದೆಯಾ?

ಹುಣಸೆಮರ:

ಎಲ್ಲರಿಗೂ ನಮಸ್ಕಾರ. ಕನ್ನಡದ ಅಡುಗೆ ಬರಹಗಳನ್ನೆಲ್ಲ ಒಂದು ಕಡೆ ಸೇರಿಸಿ ಅದಕ್ಕೊಂದು ಪುಟ್ಟ ಸರ್ಚ್ ಮಾಡುತ್ತಿದ್ದೇನೆ. ಕಲಿತ ಹಾಗೂ ಆಗುತ್ತೆ ಅಂತ ಲೈಬ್ರರಿ ಬಳಸದೆ ಬಿಎಂ25 (ಹುಡುಕಿದ ಪದಗಳಿಗೆ ಯಾವ ಬರಹ ಎಷ್ಟು ಹೊಂದುತ್ತದೆ ಅಂತ ಅಂಕ ಕೊಡುವ ಸೂತ್ರ) ಅನ್ನು ನಾನೇ ಬರೆದೆ. ಮೊದಲು ಪದಗಳನ್ನು ಇದ್ದ ಹಾಗೇ ಇಂಡೆಕ್ಸ್ ಮಾಡಿದ್ದೆ, ಏನೂ ತೊಂದರೆ ಇರಲಿಲ್ಲ. ಆಮೇಲೆ ಉಪ್ಪು, ಉಪ್ಪನ್ನು, ಉಪ್ಪಿಗೆ, ಉಪ್ಪಿನ ಎಲ್ಲ ಒಂದೇ ಲೆಕ್ಕಕ್ಕೆ ಬರಲಿ ಅಂತ ವಿಭಕ್ತಿ ಪ್ರತ್ಯಯ ಕತ್ತರಿಸುವ ಕೋಡ್ ಸೇರಿಸಿದೆ. ಅಲ್ಲಿಂದ ಶುರುವಾಯಿತು ನೋಡಿ. "ಹುಣಸೆಹಣ್ಣು ಉಪ್ಪು" ಅಂತ ಹುಡುಕಿದರೆ ಉಪ್ಪಿನ ಸುದ್ದಿಯೇ ಇಲ್ಲದ ಹುಣಸೆ ಪಾನಕ ಮೊದಲು ಬರುತ್ತದೆ, ಎರಡೂ ಇರುವ ಗೊಜ್ಜು ಎಲ್ಲೋ ಕೆಳಗೆ.

ಬಿಡಿಸಿ ನೋಡಿದರೆ ಐಡಿಎಫ್ ಭಾಗ, ಅಂದರೆ ಪದ ಎಷ್ಟು ಅಪರೂಪ ಅಂತ ನೋಡಿ ತೂಕ ಕೊಡುವ ಭಾಗ, ಮೈನಸ್ ಆಗಿದೆ. ನಾನು ಹಾಕಿರುವ ಸೂತ್ರ ಇದು, ಎನ್ ಅಂದರೆ ಒಟ್ಟು ಬರಹ, ಡಿ ಅಂದರೆ ಆ ಪದ ಇರುವ ಬರಹ:

ಲಾಗ್( (ಎನ್ − ಡಿ + 0.5) ÷ (ಡಿ + 0.5) )

ಸುಲಭಕ್ಕೆ ಎನ್ 400, ಉಪ್ಪಿನ ಡಿ 300 ಅಂದುಕೊಂಡರೆ (ಸಹಜ ಲಾಗ್ ಲೆಕ್ಕದಲ್ಲಿ) −1.1 ಬರುತ್ತದೆ. ನೆಟ್‌ನಲ್ಲಿ ಕೆಲವರು "ಲಾಗ್ ಒಳಗೆ 1 ಕೂಡಿಸಿ" ಅಂತಾರೆ, ಕೆಲವರು "ಮೈನಸ್ ಬಂದ ಕಡೆ ಸರಾಸರಿ ಐಡಿಎಫ್‌ನ ಕಾಲುಭಾಗ ಹಾಕಿ" ಅಂತಾರೆ. ಎರಡೂ ತೇಪೆ ಹಚ್ಚಿದ ಹಾಗೆ ಕಾಣುತ್ತದೆ. ಈ ಸೂತ್ರ ಎಲ್ಲಿಂದ ಬಂತು, ಅರ್ಧ ದಾಟಿದ ಕೂಡಲೇ ಯಾಕೆ ತಿರುಗಿಬೀಳುತ್ತದೆ, ಯಾರಾದರೂ ಹೇಳ್ತೀರಾ?

ಸುಮ್ನೆ_ಓದುಗ:

ಈ ಕಾಲದಲ್ಲಿ ಬಿಎಂ25 ಯಾಕೆ? ಎಂಬೆಡಿಂಗ್ ಹಾಕಿ (ಬರಹದ ಅರ್ಥವನ್ನು ಸಂಖ್ಯೆಗಳ ಸಾಲು, ಅಂದರೆ ವೆಕ್ಟರ್ ಮಾಡೋದು), ಹತ್ತಿರದ ವೆಕ್ಟರ್ ಹುಡುಕಿ, ಮುಗೀತು. ಐಡಿಎಫ್ ತಲೆನೋವೇ ಇರಲ್ಲ.

ಲಾಗ್_ಟೇಬಲ್:

ಎಂಬೆಡಿಂಗ್ ಮಾತು ಆಮೇಲೆ. ಕೇಳಿದ ಪ್ರಶ್ನೆ ಚೆನ್ನಾಗಿದೆ, ಇದಕ್ಕೆ ಥಿಯರಿಯಲ್ಲಿ ನೇರ ಉತ್ತರವೇ ಇದೆ.

ಐಡಿಎಫ್ ಮೊದಲು ಬಂದದ್ದು 1972ರಲ್ಲಿ, ಕೇಂಬ್ರಿಡ್ಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ ಅವರಿಂದ. ಕಡಿಮೆ ಬರಹಗಳಲ್ಲಿರುವ ಪದಕ್ಕೆ ಜಾಸ್ತಿ ತೂಕ ಕೊಡಿ, ಅಷ್ಟೇ ಅವರ ಮಾತು. ಈಗ ನಾವು ಲಾಗ್(ಎನ್ ÷ ಡಿ) ಅಂತ ಬರೆಯುವುದು ಅದನ್ನೇ. ಆಗ ಅದರ ಹಿಂದೆ ಸಂಭವನೀಯತೆಯ ಲೆಕ್ಕ ಇರಲಿಲ್ಲ, ಪ್ರಯೋಗ ಮಾಡಿ ನೋಡಿದರು, ಕೆಲಸ ಮಾಡಿತು. 1976ರಲ್ಲಿ ಅವರೂ ಸ್ಟೀಫನ್ ರಾಬರ್ಟ್‌ಸನ್ ಅವರೂ ಸೇರಿ ಲೆಕ್ಕ ಕೊಟ್ಟರು. ಬೇಕಾದ ಬರಹದಲ್ಲಿ ಈ ಪದ ಇರುವ ಸಾಧ್ಯತೆ ಪಿ, ಬೇಡದ ಬರಹದಲ್ಲಿ ಇರುವ ಸಾಧ್ಯತೆ ಕ್ಯೂ. ಆಗ ಪದದ ತೂಕ:

ಲಾಗ್( ಪಿ ÷ (1 − ಪಿ) ) + ಲಾಗ್( (1 − ಕ್ಯೂ) ÷ ಕ್ಯೂ )

ಕ್ಯೂ ಸುಲಭ. ಬೇಡದ ಬರಹಗಳೇ ಬಹುಪಾಲು ಇರುವುದರಿಂದ ಅದನ್ನು ಡಿ ÷ ಎನ್ ಅಂದುಕೊಳ್ಳಬಹುದು. ಕಷ್ಟ ಇರುವುದು ಪಿಯಲ್ಲಿ. ಯಾವ ಬರಹ ಬೇಕಾದದ್ದು ಅಂತ ಗೊತ್ತಿಲ್ಲದೇ ಇರೋದಕ್ಕೇ ಅಲ್ವಾ ಹುಡುಕುತ್ತಿರುವುದು? 1979ರಲ್ಲಿ ಕ್ರಾಫ್ಟ್ ಮತ್ತು ಹಾರ್ಪರ್ ಹೇಳಿದ್ದು, ಗೊತ್ತಿಲ್ಲದಿದ್ದರೆ ಪ್ರಶ್ನೆಯ ಎಲ್ಲ ಪದಕ್ಕೂ ಪಿ ಒಂದೇ ಅಂದುಕೊಳ್ಳಿ ಅಂತ. ಅದನ್ನು 0.5 ಅಂತ ಇಟ್ಟರೆ ಮೊದಲ ಲಾಗ್ ಸೊನ್ನೆ. ಉಳಿಯುವುದು ಲಾಗ್((ಎನ್ − ಡಿ) ÷ ಡಿ). ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಾರದಿರಲಿ ಅಂತ ಮೇಲೆ ಕೆಳಗೆ 0.5 ಸೇರಿಸಿದರೆ ನಿಮ್ಮ ಸೂತ್ರ ಬಂತು. ಲಂಡನ್ನಿನ ಸಿಟಿ ಯೂನಿವರ್ಸಿಟಿಯ ಒಕಾಪಿ ತಂಡ 1994ರ ಹೊತ್ತಿಗೆ ಬಿಎಂ25 ಮಾಡಿದಾಗ ಈ ತುಂಡನ್ನು ಹಾಗೇ ಒಳಗೆ ತಂದಿತು.

ಈಗ ನಿಮ್ಮ ಉಪ್ಪಿಗೆ ಬನ್ನಿ. ಉಪ್ಪು ಮುಕ್ಕಾಲು ಪಾಲು ಬರಹಗಳಲ್ಲಿದೆ. ಆದರೆ ಸೂತ್ರ ಏನು ನಂಬಿದೆ? "ಉಪ್ಪು" ಅಂತ ಕೇಳಿದವನಿಗೆ ಬೇಕಾದ ಬರಹಗಳಲ್ಲಿ ಅರ್ಧದಲ್ಲಿ ಮಾತ್ರ ಉಪ್ಪು ಇರುತ್ತದೆ ಅಂತ! ಅದು ನಿಜವಾಗಿದ್ದರೆ ಉಪ್ಪು ಕಂಡ ಬರಹವನ್ನು ಕೆಳಗೆ ತಳ್ಳುವುದೇ ಸರಿ. ಲೆಕ್ಕದಲ್ಲಿ ದೋಷ ಇಲ್ಲ, ಪಿ ಬಗ್ಗೆ ಮಾಡಿದ ಊಹೆ ಹುಚ್ಚಾಪಟ್ಟೆಯಾಗಿದೆ.

ಕಾರ್ನೆಲ್‌ನ ಲಿಲಿಯನ್ ಲೀ 2007ರಲ್ಲಿ ಇದನ್ನು ಹಿಡಿದುಕೊಂಡು ಒಂದು ಚಿಕ್ಕ ಪೇಪರ್ ಬರೆದರು. ನನಗೆ ತುಂಬಾ ಇಷ್ಟ ಅದು. ಪದ ಎಲ್ಲ ಕಡೆ ಹೆಚ್ಚಾದಂತೆ ಬೇಕಾದ ಬರಹಗಳಲ್ಲೂ ಹೆಚ್ಚಾಗಲೇಬೇಕು, ಪದ ಪ್ರತಿ ಬರಹದಲ್ಲೂ ಇದ್ದರೆ ಪಿ 1 ಆಗದೆ ಬೇರೆ ದಾರಿಯೇ ಇಲ್ಲ. ಹಾಗಾದರೆ ಪಿ = ಎನ್ ÷ (2ಎನ್ − ಡಿ) ಅಂತ ಇಟ್ಟು ನೋಡಿ. ಡಿ ಸೊನ್ನೆಯ ಹತ್ತಿರ ಇದ್ದರೆ ಪಿ ಅರ್ಧ, ಡಿ ಎನ್‌ಗೆ ಸಮವಾದರೆ 1. ಆಗ ಪಿ ÷ (1 − ಪಿ) ಅನ್ನೋದು ಎನ್ ÷ (ಎನ್ − ಡಿ) ಆಗುತ್ತದೆ. ಇದನ್ನು ಮೇಲಿನ ಸೂತ್ರಕ್ಕೆ ಹಾಕಿದರೆ (ಎನ್ − ಡಿ) ಮೇಲೂ ಕೆಳಗೂ ಹೊಡೆದುಹೋಗಿ ಉಳಿಯುವುದು ಲಾಗ್(ಎನ್ ÷ ಡಿ). 1972ರದ್ದೇ! ಇದು ಎಂದೂ ಮೈನಸ್ ಆಗಲ್ಲ.

ಇನ್ನು ನಿಮ್ಮ "ತೇಪೆ". ಲುಸೀನ್ ಅನ್ನೋ ಸರ್ಚ್ ಲೈಬ್ರರಿ ಮಾಡುವುದು ಲಾಗ್ ಒಳಗೆ 1 ಕೂಡಿಸುವುದನ್ನೇ. ಬಿಡಿಸಿ ಬರೆದರೆ ಅದು (ಎನ್ + 1) ÷ (ಡಿ + 0.5). ನಿಮ್ಮ ಉಪ್ಪಿಗೆ 401 ÷ 300.5, ಅದರ ಲಾಗ್ 0.2885. ಲಾಗ್(400 ÷ 300) ಎಷ್ಟು? 0.2877. ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅದನ್ನು ತೇಪೆ ಅನ್ನಬೇಡಿ, ಪಿ ಬಗ್ಗೆ ಬೇರೆ ಊಹೆ ಅನ್ನಿ. ಧೈರ್ಯವಾಗಿ ಹಾಕಿಕೊಳ್ಳಿ.

ಮಲೆನಾಡ್_ಕೋಡರ್:

ಮೇಲಿನ ಉತ್ತರಕ್ಕೆ ಎರಡು ಸೇರಿಸ್ತೀನಿ.

ಕಾಲುಭಾಗದ ಉಪಾಯ ಮಾತ್ರ ಬೇಡ, ಅದು ನಿಜವಾಗಿಯೂ ತೇಪೆ. 400 ಬರಹ ಇರುವಲ್ಲಿ ಬಹಳ ಪದಗಳು ಒಂದೆರಡು ಬರಹಗಳಲ್ಲಿ ಮಾತ್ರ ಇರುತ್ತವೆ, ಅವುಗಳ ಐಡಿಎಫ್ 5ರ ಮೇಲೆ. ಸರಾಸರಿ 4.4 ಅಂದುಕೊಂಡರೆ ಕಾಲುಭಾಗ 1.1. ಅಂದರೆ 300 ಬರಹಗಳಲ್ಲಿರುವ ಉಪ್ಪಿಗೆ ಬರೀ 100 ಬರಹಗಳಲ್ಲಿರುವ ಪದದಷ್ಟೇ ತೂಕ. 199 ಬರಹಗಳಲ್ಲಿರುವ ಪದಕ್ಕೆ ಪಾಪ 0.01! ಅಪರೂಪದ ಪದಕ್ಕೆ ಹೆಚ್ಚು ತೂಕ ಅನ್ನೋ ಮೂಲ ನಿಯಮವೇ ತಲೆಕೆಳಗು.

ಇನ್ನೊಂದು, ಸರ್ಚ್ ಸಂಶೋಧಕರು ಸೇರುವ ಸಿಗಿರ್ ಸಮ್ಮೇಳನದಲ್ಲಿ 2004ರಲ್ಲಿ ಫ್ಯಾಂಗ್, ತಾವೊ, ಝಾಯ್ ಮೂವರ ಪೇಪರ್ ಒಂದು ಬಂತು. ಅವರ ದಾರಿಯೇ ಬೇರೆ. ಸಂಭವನೀಯತೆ ಎಲ್ಲ ಬಿಟ್ಟು, ಒಳ್ಳೆಯ ಸೂತ್ರ ಏನೇನು ಪಾಲಿಸಬೇಕು ಅಂತ ಮೊದಲು ನಿಯಮ ಬರೆದುಕೊಂಡರು. ಉದ್ದ ಒಂದೇ ಇರುವ ಎರಡು ಬರಹಗಳಲ್ಲಿ ಕೇಳಿದ ಪದ ಯಾವುದರಲ್ಲಿ ಹೆಚ್ಚು ಸಲ ಇದೆಯೋ ಅದಕ್ಕೆ ಹೆಚ್ಚು ಅಂಕ, ಇಂಥವು. ಐಡಿಎಫ್ ಮೈನಸ್ ಆದರೆ ಬಿಎಂ25 ಈ ಸಣ್ಣ ನಿಯಮವನ್ನೂ ಮುರಿಯುತ್ತದೆ, ಉಪ್ಪು ಅಂದಷ್ಟೂ ಅಂಕ ಇಳಿಯುತ್ತದೆ. ಐಡಿಎಫ್ ಬದಲಿಸಿದ ಮೇಲೆ ಉದ್ದ ಪ್ರಶ್ನೆಗಳಲ್ಲಿ ಫಲಿತಾಂಶ ಸುಧಾರಿಸಿತು ಅಂತ ಪ್ರಯೋಗ ಮಾಡಿಯೇ ತೋರಿಸಿದರು.

@ಸುಮ್ನೆ_ಓದುಗ, ಎಂಬೆಡಿಂಗ್‌ಗೂ ಥಿಯರಿಯ ಮಿತಿ ಇದೆ ಮಾರಾಯ್ರೆ. 2025ರಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಜಾನ್ಸ್ ಹಾಪ್ಕಿನ್ಸ್‌ನವರು ತೋರಿಸಿದ್ದೇ ಅದು. ವೆಕ್ಟರಿನಲ್ಲಿ ಇಷ್ಟೇ ಸಂಖ್ಯೆ ಇರಬೇಕು ಅಂತ ನಿಗದಿಯಾದ ಮೇಲೆ ಯಾವ ಪ್ರಶ್ನೆಗೆ ಯಾವ ಬರಹಗಳ ಗುಂಪು ಮೇಲೆ ಬರಬಹುದು ಅನ್ನೋದಕ್ಕೂ ಮಿತಿ ಬೀಳುತ್ತದೆ. ಅವರು ಕೊಟ್ಟ ತೀರಾ ಸರಳ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ಮಾಡೆಲ್‌ಗಳು ಎಡವಿದವು, ಬಿಎಂ25 ಆರಾಮಾಗಿ ಪಾಸಾಯಿತು.

ಹುಣಸೆಮರ:

@ಲಾಗ್_ಟೇಬಲ್ ತುಂಬಾ ಥ್ಯಾಂಕ್ಸ್, ಪಿ ಹಾಕಿ ಪೇಪರ್ ಮೇಲೆ ಮಾಡಿ ನೋಡಿದೆ, ನಿಜವಾಗಿಯೂ ಹೊಡೆದುಹೋಗುತ್ತದೆ. ಆದರೆ ಪ್ರತ್ಯಯ ಕತ್ತರಿಸುವ ಮೊದಲು ಯಾಕೆ ತೊಂದರೆ ಬರಲಿಲ್ಲ? ಇಂಗ್ಲಿಷ್‌ನವರಿಗೆ ಇಷ್ಟು ವರ್ಷ ಇದು ಕಾಣಲಿಲ್ವಾ?

ಲಾಗ್_ಟೇಬಲ್:

ಕಾಣುತ್ತಿತ್ತು, ಆದರೆ ಕಾಡುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಬರಹಗಳಲ್ಲಿ ಬರುವ ಇಂಗ್ಲಿಷ್ ಪದಗಳೆಲ್ಲ "ದ", "ಆಫ್" ಥರದವು, ಅವನ್ನು ಸ್ಟಾಪ್‌ವರ್ಡ್ ಅಂತ ಮೊದಲೇ ತೆಗೆದುಬಿಡುತ್ತಿದ್ದರು. ನಿಮ್ಮದು ಚಿಕ್ಕ ಸಂಗ್ರಹ, ಒಂದೇ ವಿಷಯ. ಇಲ್ಲಿ ಉಪ್ಪು, ಎಣ್ಣೆ, ಒಗ್ಗರಣೆ ಥರದ ಜೀವ ಇರುವ ಪದಗಳೇ ಅರ್ಧ ದಾಟುತ್ತವೆ.

ಮೊದಲು ಬಚಾವಾಗಿದ್ದು ಕನ್ನಡದ ಪ್ರತ್ಯಯಗಳ ದಯೆಯಿಂದ. "ಉಪ್ಪು" ಅನ್ನೋ ರೂಪ ಒಂದೇ 140 ಬರಹಗಳಲ್ಲಿತ್ತು ಅಂದುಕೊಳ್ಳಿ. ಆಗ ಐಡಿಎಫ್ 0.62, ಪ್ಲಸ್ಸೇ. ಉಪ್ಪನ್ನು, ಉಪ್ಪಿಗೆ ಬೇರೆ ಪದಗಳಾಗಿ ಬೇರೆ ಲೆಕ್ಕದಲ್ಲಿದ್ದವು. ಎಲ್ಲ ಸೇರಿಸಿದ ಮೇಲೆ ಡಿ ಒಮ್ಮೆಲೇ ಏರಿತು. ಕತ್ತರಿಸುವ ಕೋಡ್ ಚೆನ್ನಾದಷ್ಟೂ ಅರ್ಧ ದಾಟುವ ಪದಗಳು ಜಾಸ್ತಿಯಾಗುತ್ತವೆ.

ಮಲೆನಾಡ್_ಕೋಡರ್:

ಕತ್ತರಿಸುವಾಗ ಸ್ವಲ್ಪ ಹುಷಾರು. ಮೊದಲ ಮೂರು ಯೂನಿಕೋಡ್ ಸಂಕೇತ ಅಂತ ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು "ಉಪ್" ಮಾತ್ರ ಉಳಿಯುತ್ತದೆ. ನಾಲ್ಕು ಅಂದರೆ ಉಪ್ಪಿಟ್ಟು, ಉಪ್ಪಿನಕಾಯಿ, ಉಪ್ಪರಿಗೆ ಎಲ್ಲ ಒಂದೇ ಗುಂಪು! ಅದೆಲ್ಲ ಉಪ್ಪಿನ ಡಿಯನ್ನು ಸುಮ್ನೆ ಉಬ್ಬಿಸುತ್ತದೆ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದಲ್ಲ, ಇಂಡೆಕ್ಸ್ ಮಾಡುವಾಗಲೂ ಹುಡುಕುವಾಗಲೂ ಅದನ್ನು ತೆಗೆದುಬಿಡಿ. ಇಲ್ಲದಿದ್ದರೆ ಒಂದೇ ಪದ ಎರಡಾಗುತ್ತದೆ.

ಆಮೇಲೆ ಯಾವ ಐಡಿಎಫ್ ಹಾಕಿದರೂ ಅಳೆದು ನೋಡಿ. 1960ರ ದಶಕದಲ್ಲಿ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ತಂಡ ಮಾಡಿದ ಪರೀಕ್ಷಾ ಸಂಗ್ರಹ ಬರೀ 1400 ಬರಹ, 225 ಪ್ರಶ್ನೆ. ನಿಮ್ಮದು ಅದಕ್ಕಿಂತ ಚಿಕ್ಕದು, ಕೈಯಲ್ಲೇ ಆಗುವ ಕೆಲಸ. ಮನೆಯವರ ಹತ್ತಿರ ಒಂದಿಷ್ಟು ಪ್ರಶ್ನೆ ಬರೆಸಿ, ಪ್ರತಿ ಪ್ರಶ್ನೆಗೂ ಬೇಕಾದ ಬರಹ ಯಾವುದು ಅಂತ ಅವರೇ ಗುರುತು ಹಾಕಲಿ. ಅಂಕದ ಪಟ್ಟಿ ತೋರಿಸುವ ಮೊದಲೇ ಗುರುತು ಹಾಕಿಸಿಕೊಳ್ಳಿ ಮತ್ತೆ.