ಸೋಲಿಗರ ಕಾಫಿ, ಜೇನಿಗೆ ಸ್ವಂತ ಕಂಪನಿ ಮಾಡಿದರೆ ಪೋಡಿಗೆ ಏನಾದರೂ ಉಳಿಯುತ್ತಾ?

ಬೆಟ್ಟದ ಹುಡುಗ:
ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ಡಿಗ್ರಿ ಮುಗಿಸಿ ಮೈಸೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಪೋಡಿನಲ್ಲಿ, ಅಂದರೆ ನಮ್ಮ ಹಾಡಿಯಲ್ಲಿ, ಹೆಚ್ಚುಕಮ್ಮಿ ಎಲ್ಲರಿಗೂ ಸ್ವಲ್ಪ ಕಾಫಿ, ಮೆಣಸು ಇದೆ. ಬೇಸಿಗೆಯಲ್ಲಿ ಹೆಜ್ಜೇನು. ಕಾಫಿ ಇನ್ನೂ ಹಸಿರು ಕಾಯಿ ಇರುವಾಗಲೇ ದಲ್ಲಾಳಿ ಬಂದು ಮುಂಗಡ ಕೊಟ್ಟು ಹೋಗುತ್ತಾನೆ, ಸ್ಕೂಲು, ಆಸ್ಪತ್ರೆ ಅಂತ ನಮ್ಮವರೂ ಕೈ ಚಾಚುತ್ತಾರೆ, ಆಮೇಲೆ ಅವನು ಹೇಳಿದ್ದೇ ರೇಟು. ನಾನೇ ಒಂದು ಬ್ರ್ಯಾಂಡ್ ಮಾಡಿ ಮಾರಿ, ಲಾಭದಲ್ಲಿ ಒಂದು ಪಾಲು ಪೋಡಿಗೆ ಕೊಡೋಣ ಅಂತಿದ್ದೇನೆ. ಕಾಡಿನ ಉತ್ಪನ್ನ ಕೊಳ್ಳೋಕೆ ಆದಿವಾಸಿಗಳ ಸಹಕಾರ ಸಂಘ, ಅದೇ ಲ್ಯಾಂಪ್ಸ್ ಸೊಸೈಟಿ, ಇರುವಾಗ ನಿನಗ್ಯಾಕೆ ಈ ಉಸಾಬರಿ ಅಂತಾರೆ ನಮ್ಮ ಮಾವ. ಏನಂತೀರಿ?

ಕೊಳ್ಳೇಗಾಲದವಳು:
ತಮ್ಮಾ, ಬ್ರ್ಯಾಂಡ್ ಆಮೇಲೆ. ನಿಮ್ಮ ಪೋಡಿನ ಗ್ರಾಮಸಭೆಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡಿನ ಉತ್ಪನ್ನ ತೆಗೆದು ಮಾರಲು ಊರಿಗೆಲ್ಲ ಸೇರಿ ಇರುವ ಕಾನೂನಿನ ಹಕ್ಕು, ಸಿಕ್ಕಿದೆಯಾ, ಮೊದಲು ಅದನ್ನು ನೋಡು. 2006ರ ಹೊತ್ತಿಗೆ ಬೆಟ್ಟದಲ್ಲಿ ಮಾರಾಟಕ್ಕೆ ಜೇನು, ನೆಲ್ಲಿಕಾಯಿ, ಮರದ ಪಾಚಿ ತೆಗೆಯುವುದನ್ನೇ ಅರಣ್ಯ ಇಲಾಖೆಯವರು ನಿಲ್ಲಿಸಿದ್ದರು, ನಿಮ್ಮ ಮಾವನಿಗೆ ನೆನಪಿರುತ್ತದೆ. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಹೋರಾಡಿ 25 ಗ್ರಾಮಸಭೆಗಳು ಹಕ್ಕುಪತ್ರ ಪಡೆದವು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಆ ಕಾಗದ ಇಲ್ಲದೆ ಜೇನಿನ ಬಾಟಲಿಗೆ ಎಷ್ಟು ಚಂದದ ಲೇಬಲ್ ಅಂಟಿಸಿದರೂ ಗೇಟಿನಲ್ಲಿ ಗಾರ್ಡ್ ತಡೆದರೆ ಮುಗೀತು.

ಗುಂಡ್ಲುಪೇಟೆ ಸಂತೆ:
ಖಾರವಾಗಿ ಹೇಳ್ತೀನಿ, ಬೇಜಾರಾಗಬೇಡ. ಕಂಪನಿ ನಿನ್ನೊಬ್ಬನ ಹೆಸರಲ್ಲಿದ್ದರೆ ನಾಳೆ ನೀನೇ ದಲ್ಲಾಳಿ. ಲಾಭದಲ್ಲಿ ಪಾಲು ಕೊಡುತ್ತೇನೆ ಅನ್ನೋದು ನಿನ್ನ ಒಳ್ಳೆಯತನ, ಅವರ ಹಕ್ಕಲ್ಲ. ಹತ್ತು ಜನ ಬೆಳೆಗಾರರು ಸೇರಿದರೆ ಉತ್ಪಾದಕ ಕಂಪನಿ ಮಾಡಬಹುದು, ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ಪಕ್ಕದ ನೀಲಗಿರಿಯ ಕೋಟಗಿರಿಯಲ್ಲಿ ಆದಿಮಲೈ ಅಂತ ಇಂಥದ್ದೇ ಒಂದು ಕಂಪನಿ 2013ರಿಂದ ಇದೆ. ಕುರುಂಬರು, ಇರುಳರು ಮುಂತಾದ ಆದಿವಾಸಿಗಳೇ ಅದರ ಮಾಲೀಕರು, ಜೇನು, ಕಾಫಿ, ಮೆಣಸು ಎಲ್ಲಾ ಮಾರುತ್ತಾರೆ. 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸುಮ್ನೆ ಒಂದು ದಿನ ಬಸ್ ಹತ್ತಿ ಹೋಗಿ ನೋಡಿಕೊಂಡು ಬಾ.

ಜೇನುಡಬ್ಬಿ:
ಹಕ್ಕು, ಓಟು ಎಲ್ಲಾ ಸರಿ, ಸರಕಿನ ಮಾತೂ ಆಡಿ. ಹೆಜ್ಜೇನಿನ ತುಪ್ಪದಲ್ಲಿ ನೀರಿನಂಶ ಜಾಸ್ತಿ. ರೊಟ್ಟನ್ನು ಕೈಯಲ್ಲಿ ಹಿಂಡಿ ಕ್ಯಾನಿಗೆ ತುಂಬಿಟ್ಟರೆ ಸ್ವಲ್ಪ ದಿನದಲ್ಲೇ ಹುಳಿ ಬರುತ್ತದೆ, ಮುಚ್ಚಳ ತಿರುಗಿಸಿದರೆ ಬುಸ್ ಅಂತ ನೊರೆ. ಹಿಂಡಬಾರದು, ಮೇಲಿನ ಮೇಣ ಕೊಯ್ದು ಜಾಲರಿ ಮೇಲಿಟ್ಟು ತಾನಾಗಿ ಇಳಿಯಲು ಬಿಡಬೇಕು. ಮರಿಯಿರುವ ಭಾಗ ಬೆರೆಸಲೇಬಾರದು. ಜೇನು ಇಳಿಸುವವರು ನಿಮ್ಮ ಹಿರಿಯರೇ ಅಲ್ವಾ, ಅವರಿಗೆ ಒಳ್ಳೆ ರೇಟು ಸಿಕ್ಕರೆ ಇದನ್ನೆಲ್ಲ ನನಗಿಂತ ಚೆನ್ನಾಗಿ ಮಾಡುತ್ತಾರೆ.

ಬೆಟ್ಟದ ಹುಡುಗ:
ಒಬ್ಬನ ಹೆಸರಿನ ಮಾತು ಚುಚ್ಚಿತು, ಆದರೆ ನಿಜ. ಇನ್ನೊಂದು ಕೇಳಬೇಕು. ಹತ್ತು ಜನ ಸೇರಿದರೂ ದಲ್ಲಾಳಿಯ ಮುಂಗಡ ತಗೊಂಡವರು ನಮಗೆ ಕಾಫಿ ಹೇಗೆ ಕೊಡುತ್ತಾರೆ?

ಕೊಳ್ಳೇಗಾಲದವಳು:
ಅದೇ ಗಂಟು ನೋಡು. ಕಾಫಿ ಕೊಯ್ಯೋದು ಚಳಿಗಾಲದಲ್ಲಿ, ದುಡ್ಡು ಬೇಕಾಗೋದು ಜೂನ್‌ನಲ್ಲಿ ಸ್ಕೂಲು ಶುರುವಾದಾಗ. ಆಗ ಕೈಗೆ ಕಾಸು ಕೊಟ್ಟವನಿಗೇ ಕಾಫಿ. ನಿಮ್ಮ ಮೊದಲ ಬಂಡವಾಳ ಪ್ಯಾಕೆಟ್ಟಿಗೂ ಬೇಡ, ಮಷೀನಿಗೂ ಬೇಡ. ಸಂಘದ ಉಳಿತಾಯ, ಬ್ಯಾಂಕಿನ ಸಾಲ, ಎಲ್ಲಿಂದ ಬಂದರೂ ಸರಿ, ಜೂನ್‌ನಲ್ಲಿ ಕೊಡುವ ಮುಂಗಡಕ್ಕೇ ಇಡಿ. ಮೊದಲ ವರ್ಷ ಮುಂಗಡ ಕೊಡೋಕೆ ನಾಲ್ಕೈದು ಮನೆ ಸಾಕು. ಮಾವನನ್ನೂ ಸೇರಿಸಿಕೋ, ಸೊಸೈಟಿ ಲೆಕ್ಕ ನೋಡಿದವರು ಇದ್ದರೆ ಒಳ್ಳೇದು.